ಕೋಳಿ ಶೆಡ್ಡಿನ ಕೆಳಗಿನ ಗಂಟು

ಒದ್ದೆ ಗೋಣಿತಟ್ಟಿನ ವಾಸನೆ ಬಂದರೆ ಈಗಲೂ ನಾನು ಇದ್ದ ಜಾಗ ಮರೆಯುತ್ತೇನೆ. ಮೊನ್ನೆ ಸಂತೆಯಲ್ಲಿ ಎಲೆ ಮಾರುವವಳು ವೀಳ್ಯದೆಲೆಯ ಬುಟ್ಟಿಗೆ ಹೊದಿಸಿದ್ದ ತಟ್ಟಿನ ಮೇಲೆ ನೀರು ಚಿಮುಕಿಸಿದಳು, ಅಷ್ಟೇ. ಸೆಣಬು, ಮಣ್ಣು, ಬಿಸಿಲು ಮೂರೂ ಕೂಡಿದ ಆ ತಂಪು ವಾಸನೆಗೆ ನಿಂತಲ್ಲೇ ನಿಂತುಬಿಟ್ಟೆ. "ಎಲಿ ಬೇಕೇನ್ರಿ ಅಕ್ಕಾರ?" ಎಂದು ಆಕೆ ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರ. ಅಷ್ಟರಲ್ಲಿ ನಾನು ಯಮನೂರಿನ ಹತ್ತಿರದ ನಮ್ಮೂರಿಗೆ, ಅವ್ವನ ಕೋಳಿ ಶೆಡ್ಡಿಗೆ, ನನ್ನ ಹತ್ತನೆಯ ವಯಸ್ಸಿಗೆ ಹೋಗಿ ಬಂದಿದ್ದೆ.

ನಮ್ಮದು ಚಾವಣಿಗೂ ಮಣ್ಣೇ ಮುಚ್ಚಿದ ಮಾಳಿಗೆ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಸಂದಿನಲ್ಲೇ ನಾನು ಕಾಲು ಮಡಚಿ ಮಲಗುತ್ತಿದ್ದೆ. ಬೇಸಿಗೆಯಲ್ಲಿ ಹೊತ್ತೇರುತ್ತಲೇ ಊರಿಗೆ ಊರೇ ಬಾಗಿಲು ಕಿಟಕಿ ಹಾಕಿಕೊಂಡು, ಬಿಸಿಗಾಳಿಯನ್ನು ಹೊರಗೇ ನಿಲ್ಲಿಸಿ, ಒಳಗಿನ ಕತ್ತಲಲ್ಲಿ ತಣ್ಣಗೆ ಕೂತಿರುತ್ತಿತ್ತು. ಹಿತ್ತಲಲ್ಲಿ ಒಂದು ಬೇವಿನ ಮರ, ಮರದಾಚೆ ತಗಡಿನ ಶೆಡ್ಡು. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ವಾರಕ್ಕೊಮ್ಮೆ ಬರುತ್ತಿದ್ದ. ಶೆಡ್ಡು ಪೂರ್ತಿ ಅವ್ವನದೇ. ಅವಳು ತನ್ನದೆಂದು ಹೇಳಿಕೊಂಡದ್ದು ಆ ಮನೆಯಲ್ಲಿ ಅದೊಂದನ್ನೇ. ಅಜ್ಜ, ಅಪ್ಪನ ತಂದೆ, ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವನು. ಬೇವಿನ ಮರ ದಾಟಿ ಶೆಡ್ಡಿನ ಕಡೆ ಹೆಜ್ಜೆಯಿಟ್ಟವನಲ್ಲ; ಕೋಳಿ ಎಂಬ ಮಾತನ್ನೂ ಆಡದೆ 'ಅವು' ಎನ್ನುತ್ತಿದ್ದ. "ಅವು ಇವತ್ತ ಭಾಳ ತತ್ತಿ ಇಟ್ಟಾವ್ರಿ ಮಾವಾರ" ಎಂದು ಅವ್ವ ಬೇಕೆಂದೇ ಕೆಣಕುತ್ತಿದ್ದಳು. ಆದರೆ ಶೆಡ್ಡು ಎಬ್ಬಿಸಿದ ದಿನವೇ ಅಜ್ಜ ಕಡ್ಡಿ ಮುರಿದಂತೆ ಹೇಳಿದ್ದ: "ಒಂದ ಬ್ಯಾಸಗಿ ನೋಡತೇನಿ ಶಾಂತವ್ವಾ. ಜ್ವಾಕಿ ಮಾಡಾಕ ಬಂದ್ರ ಇರಲಿ. ಸಾಯಾಕ ಹತ್ತಿದ್ರ ಮಾತ್ರ ಶೆಡ್ಡ ಬಿಚ್ಚಸ್ತೇನಿ. ಆ ಪಾಪ ನನ್ನ ಹಿತ್ತಲದಾಗ ಬ್ಯಾಡ."

ಹಾಗಾಗಿ ಆ ಬೇಸಿಗೆ ನಮಗೆ ಬೆನ್ನ ಮೇಲೆ ಬೆಂಕಿ ಹೊತ್ತ ಹಾಗಿತ್ತು. ಹೊಟ್ಟೆ ತುಂಬಿದ ಕೋಳಿ ಬಿಸಿಲು ತಾಳದೆಂದು ನಸುಕಿನಲ್ಲೇ ಕಾಳು ಹಾಕಿ, ಬಿಸಿಲೇರುವ ಮೊದಲೇ ತೆಗೆಯಬೇಕು. ನೀರಿಗೆ ಬೆಲ್ಲ, ಉಪ್ಪು ಕದಡಬೇಕು. ತಗಡಿನ ಮೇಲೆ ಜೋಳದ ಕಣಿಕೆ ಹರವಿ ಕೊಡ ಕೊಡ ನೀರು ಸುರಿಯಬೇಕು. ಗೋಡೆಯ ಬದಲು ಸುತ್ತಲೂ ಬಿಗಿದ ತಂತಿ ಜಾಳಿಗೆಗೆ ಇಳಿಬಿಟ್ಟ ಗೋಣಿತಟ್ಟುಗಳನ್ನು ಆರಿದಂತೆಲ್ಲ ತೋಯಿಸಬೇಕು. "ಮ್ಯಾಲ ಎಷ್ಟರ ತೊಯ್ಸು, ಕೆಳಗ ಮಾತ್ರ ಕಟ್ಟಬ್ಯಾಡ. ಗಾಳಿ ನಿಂತ್ರ ಮುಗೀತು" ಎಂದು ಅವ್ವ ದಿನಾ ಹೇಳುತ್ತಿದ್ದಳು. ನನ್ನ ಕೆಲಸ ಮಧ್ಯಾಹ್ನದ್ದು: ಒತ್ತೊತ್ತಾಗಿ ಕೂತ ಕೋಳಿಗಳ ನಡುವೆ ಮೆಲ್ಲಗೆ ಓಡಾಡಿ, ಮೈಯಡಿಯ ಕಾವು ಹೋಗಲೆಂದು ಅವನ್ನು ಎಬ್ಬಿಸುವುದು. ಕಾಲು ಚಾಚಿ ಮಲಗಿದ ಕೋಳಿ ಕಂಡರೆ ನನ್ನ ಜೀವ ಹಾರುತ್ತಿತ್ತು. ಮುಟ್ಟಿ, ಅದು ಸಿಟ್ಟಿನಿಂದ ಕುಕ್ಕಿದರೆ ಮಾತ್ರ ಸಮಾಧಾನ. ಎಲ್ಲೋ ಒಂದು ಸತ್ತರೆ ಅವ್ವ ಅಜ್ಜನ ಕಣ್ತಪ್ಪಿಸಿ, ಬುಟ್ಟಿಯಲ್ಲಿ ಮುಚ್ಚಿಕೊಂಡು ಹೊಲದಂಚಿಗೆ ಒಯ್ದು ಹೂಳುತ್ತಿದ್ದಳು.

ಮಳೆಗಾಲ ಇನ್ನೇನು ಬಂತು ಅನ್ನುವಾಗ ಶೆಡ್ಡಿನ ಫ್ಯಾನು ಸುಟ್ಟಿತು. ಅವ್ವ ಅದನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು, ರಿಪೇರಿಗೆಂದು ನವಲಗುಂದದ ಬಸ್ಸು ಹತ್ತಿದಳು. "ಐದರ ಬಸ್ಸಿಗಿ ಬರತೇನಿ. ಜ್ವಾಕಿ ಗಿರಿಜಾ" ಎಂದಳು. ಆ ದಿನದ ಝಳವನ್ನು ಏನು ಹೇಳಲಿ! ಕೋಳಿಗಳು ಬಾಯಿ ತೆರೆದು ತೇಕುತ್ತಿದ್ದವು. ನಾನು ಕೊಡ ಹೊತ್ತು ತಿರುಗಿದರೆ ಅಜ್ಜ ಬೇವಿನ ಮರ ದಾಟಿ ಬಂದು ಜಾಳಿಗೆಯ ಹತ್ತಿರ ನಿಂತಿದ್ದಾನೆ!

"ಯಾಕ ಬೇ, ಕೋಳಿ ಹಿಂಗ್ಯಾಕ ಬಾಯಿ ತಗದಾವ?"

"ಝಳ ಆಗೇತಿ ಅಜ್ಜಾ."

"ಆಗ್ದ ಏನ! ಮನಿ ಮಂದಿನ್ನ ಹಿಂಗ ಬಿಸಿಗಾಳ್ಯಾಗ ಕುಂದ್ರಸ್ತೇವೇನ? ಪಾಪ, ಬಾಯಿಲ್ಲದ ಜೀವ." ಎಂದವನೇ ತಟ್ಟುಗಳನ್ನೆಲ್ಲ ನೆಲದವರೆಗೆ ಎಳೆದು, ಕೊಡದ ನೀರು ಸುರಿದು, ಒಂದೊಂದರ ಕೆಳತುದಿಯನ್ನೂ ಸುತಳಿಯಿಂದ ಬಿಗಿದ. ಒಳಗೆ ಕತ್ತಲಾಯಿತು. "ಈಗ ನೋಡ, ಅಗದಿ ಮಾಳಿಗಿ ಮನಿ ಆತು" ಎಂದು ಕೈ ಕೊಡವಿದ.

ಕೆಳಗೆ ಕಟ್ಟಬಾರದು ಅಜ್ಜಾ ಎಂಬ ಮಾತು ನನ್ನ ಗಂಟಲತನಕ ಬಂದಿತ್ತು. ಹೇಳಲಿಲ್ಲ. ಅಜ್ಜನಿಗೆ ಹೆದರಿ ಅಲ್ಲ, ಆಸೆಬುರುಕಿ ನಾನು! ಅಜ್ಜ ಕೋಳಿ ಅಂದ, ಪಾಪ ಅಂದ; ಇನ್ನು ಶೆಡ್ಡು ಬಿಚ್ಚಿಸುವುದಿಲ್ಲ, ಅವ್ವ ಬಂದ ಕೂಡಲೇ ಹೇಳಬೇಕು ಎಂದು ಒಳಗೊಳಗೇ ಕುಣಿಯುತ್ತಿದ್ದೆ. "ಮಲಗಲಿ, ಎಬ್ಬಸಬ್ಯಾಡ" ಎಂದು ಅಜ್ಜ ನನ್ನನ್ನೂ ಮನೆಯೊಳಗೆ ಕರೆದೊಯ್ದು ಬಾಗಿಲು ಮುಚ್ಚಿದ. ಆ ತಂಪಿನಲ್ಲಿ ಇಬ್ಬರಿಗೂ ನಿದ್ದೆ ಬಂತು.

ಎದ್ದಾಗ ಹಿತ್ತಲಲ್ಲಿ ಸದ್ದೇ ಇರಲಿಲ್ಲ. ನಾನು ಓಡಿದೆ, ಹಿಂದಿನಿಂದ ಅಜ್ಜ. ಕುಡಗೋಲಿನಿಂದ ಅಜ್ಜ ಸುತಳಿ ಕೊಯ್ದು ತಟ್ಟು ಎತ್ತಿದರೆ, ಕುದಿಯುವ ಅನ್ನದ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ರಾಚಿತು. ಮಾಳಿಗೆಯ ಮಣ್ಣು ಕಾಯುವ ಜೀವವನ್ನು ತಗಡು ಬೇಯಿಸುತ್ತದೆಂದು ಅಜ್ಜನಿಗೆ ಎಲ್ಲಿ ಗೊತ್ತಿತ್ತು? ಮೂಲೆಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ಹೋಗಿದ್ದವು.

ಅವ್ವ ಬಂದಾಗ ಅಜ್ಜ ಆ ಹೊಲಸಿನಲ್ಲೇ ಕೂತು ಒಂದು ಕೋಳಿಯ ಬಾಯಿಗೆ ಬೆಲ್ಲದ ನೀರು ಬಿಡುತ್ತಿದ್ದ. "ನಾನ ಕಟ್ಟಿದೆ ಶಾಂತವ್ವಾ. ಎಲ್ಲಾ ಗಂಟ ನಾನ ಹಾಕಿದೆ" ಎಂದ. ಅವ್ವ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಬೇವಿನ ಮರವನ್ನೇ ದಾಟದವನು ಗಂಟು ಹಾಕಿದನೆಂದರೆ ಯಾರು ನಂಬುತ್ತಾರೆ? ಮೊಮ್ಮಗಳನ್ನು ಉಳಿಸಲು ಮುದುಕ ಪಾಪವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ ಎಂದುಕೊಂಡಳು. "ಇರಲಿ ಬಿಡ್ರಿ ಮಾವಾರ. ಸಣ್ಣಾಕಿ ಕೈಯಾಗ ಬಿಟ್ಟ ಹೋಗಿದ್ದು ನನ್ನ ತಪ್ಪ" ಎಂದು ನನ್ನನ್ನು ಎದೆಗೆ ಒತ್ತಿಕೊಂಡಳು. ಕಟ್ಟಬೇಡವೆಂದು ಹೇಳದ ತಪ್ಪು ನನ್ನದೂ ಇತ್ತು; ನಾನು ಬಿಕ್ಕಿ ಬಿಕ್ಕಿ ಅತ್ತೆ. ಆ ಅಳುವನ್ನೇ ಅವಳು ಒಪ್ಪಿಗೆ ಎಂದು ತಿಳಿದಳು.

"ಶೆಡ್ಡ ಇರಲಿ ಯವ್ವಾ, ಮತ್ತ ಮರಿ ತಂದ ಬಿಡು" ಎಂದು ಅಜ್ಜ ಎಷ್ಟು ಅಂಗಲಾಚಿದ! ಅವನು ಅಂಗಲಾಚಿದಷ್ಟೂ ಅವನ ದೊಡ್ಡತನಕ್ಕೆ ಅವ್ವ ಕುಗ್ಗಿದಳು. ಉಳಿದ ಕೋಳಿಗಳನ್ನು ಕೊಟ್ಟು, ತಾನೇ ನಿಂತು ತಗಡು ಬಿಚ್ಚಿಸಿದಳು. ಮತ್ತೆ ಯಾವುದನ್ನೂ ತನ್ನದೆಂದು ಶುರು ಮಾಡಲಿಲ್ಲ. ಎರಡು ವರ್ಷಕ್ಕೆ ಅಜ್ಜ ಹೋದ. ಆಮೇಲೆ ಅಪ್ಪ ಹೋದ, ಮಾಳಿಗೆ ಕುಸಿಯಿತು, ಬೇವನ್ನು ಕಡಿದರು.

ಹೋದ ವರ್ಷ ಅವ್ವ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಹೋಗುವ ನಾಲ್ಕು ದಿನ ಮೊದಲು, ನಾನು ಗಂಜಿ ಕುಡಿಸುವಾಗ, ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು. "ಗಿರಿಜಾ, ಆ ಕೋಳಿ ವಿಷಯ ಮನಸಿನ್ಯಾಗ ಇಟ್ಗೋಬ್ಯಾಡ. ನೀ ಸಣ್ಣಾಕಿ ಇದ್ದಿ. ನಿಮ್ಮಜ್ಜ ನೋಡು, ಜನ್ಮದಾಗ ಸುಳ್ಳ ಆಡದವ, ನಿನ್ನ ಸಲುವಾಗಿ ಸುಳ್ಳ ಹೇಳಿದ."

ಅದು ಸುಳ್ಳಲ್ಲವ್ವಾ ಎಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ, ಅಜ್ಜ ಅಷ್ಟು ಅಂಗಲಾಚಿದರೂ ನೀನು ನಂಬಲಿಲ್ಲ, ನಿನ್ನ ಶೆಡ್ಡನ್ನು ಸುಮ್ಮನೆ ಬಿಚ್ಚಿಸಿದೆ ಎಂದೂ ಹೇಳಿದಂತೆ. ಅವಳ ಕೈಯಲ್ಲಿ ಬರೀ ಎಲುಬು ಉಳಿದಿತ್ತು.

"ಹೌದವ್ವಾ," ಎಂದೆ, "ಭಾಳ ದೊಡ್ಡ ಮನಷ್ಯಾ." ಇನ್ನೊಂದು ಚಮಚೆ ಗಂಜಿ ಕುಡಿಸಿದೆ.