ಸಿಡಿದ ಎಂಜಿನ್ನಿನ ಮುಂದೆ ಇಬ್ಬರು ಆರೋಪಿಗಳು

ನನ್ನದು ಅರ್ಧ ಜೀಪು. ಉಳಿದರ್ಧ ಗೆಳತಿ ಗಿರಿಜೆಯದು. ಅವಳು ಗದಗಿನ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾಳೆ; ಇಬ್ಬರಿಗೂ ಒಂದೇ ಆಫೀಸು. ನಡುವಯಸ್ಸು ಬಂತೆಂದು ನಮ್ಮ ವಾರಗೆಯವರೆಲ್ಲ ಯೋಗದ ಚಾಪೆ ಕೊಂಡಾಗ ನಾವು ಕಲ್ಲುಮಣ್ಣಿನ ದಾರಿ ಹತ್ತುವ ಹಳೆಯ ಡೀಸೆಲ್ ಜೀಪು ಕೊಂಡೆವು. ಅರ್ಧ ಎಂದರೆ ಯಾವ ಅರ್ಧ ಎಂಬ ಪ್ರಶ್ನೆ ಎಂಜಿನ್ನು ಸಿಡಿಯುವ ತನಕ ಏಳಲೇ ಇಲ್ಲ.

ಸಿಡಿದದ್ದು ಒಂದು ಭಾನುವಾರ ಬೆಳಿಗ್ಗೆ, ಅಂಜನಾಪುರದ ಹತ್ತಿರ. ಗಿರಿಜೆ ಓಡಿಸುತ್ತಿದ್ದಳು. ಮೊದಲು ಯಾರೋ ಒಳಗಿನಿಂದ ಬಾಗಿಲು ಬಡಿಯುವಂಥ ಸದ್ದು. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಢಮ್ ಎಂದಿತು. ಜೀಪು ಹೊಗೆ ಉಗುಳಿ ನಿಂತಿತು. ಬಗ್ಗಿ ನೋಡಿದರೆ ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ಪಿಸ್ಟನ್ನನ್ನು ಹಿಡಿದಿರುವ ಕಬ್ಬಿಣದ ತೋಳು ಮುರಿದು, ಆ ತೂತಿನಿಂದ ಹೊರಗೆ ಇಣುಕುತ್ತಿತ್ತು. ಕಪ್ಪು ಆಯಿಲ್ ರಸ್ತೆಯುದ್ದಕ್ಕೂ ಹರಿಯುತ್ತಿತ್ತು.

"ಆಯಿಲ್ ಹಾಕಿದಾಕಿ ನೀನ ಅಲ್ಲೇನು?" ಎಂದಳು ಗಿರಿಜೆ.

ಹಿಂದಿನ ವಾರ ಆಯಿಲ್ ಬದಲಿಸಿದ್ದು ನಾನೇ. "ಹೌದು. ಆದ್ರೆ ಇಳಿಜಾರಲ್ಲಿ ದಡಕ್ಕಂತ ಗೇರ್ ಇಳಿಸಿದ್ದು ನೀನು," ಎಂದೆ.

ಅಷ್ಟೇ ಮಾತು. ಜೀಪನ್ನು ಎಳೆದೊಯ್ಯುವ ಗಾಡಿ ಬರುವವರೆಗೆ ಇಬ್ಬರೂ ಬೇರೆ ಬೇರೆ ಮರದ ನೆರಳಿನಲ್ಲಿ ನಿಂತೆವು.

ನಮ್ಮ ತರ್ಕಶಾಸ್ತ್ರದವರು ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನಿಶ್ಚಿಂತೆಯಿಂದ ತೀರ್ಮಾನಿಸುತ್ತಿದ್ದರು. ಅವರ ಕಾಲದಲ್ಲಿ ಡೀಸೆಲ್ ಜೀಪು ಇರಲಿಲ್ಲ. ಇದರ ಹೊಗೆಗೆ ಕಾರಣ ನೂರು. ಅದರಲ್ಲಿ ನಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು ಬಹಳ ಸುಲಭ. ನಾನು ಗೇರನ್ನು ಆರಿಸಿಕೊಂಡೆ, ಅವಳು ಆಯಿಲನ್ನು. ಆ ವಾರವಿಡೀ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಗಿರಿಜೆಯ ಶೇಂಗಾ ಚಟ್ನಿ ನನ್ನ ತಟ್ಟೆಯತ್ತ ಬರಲಿಲ್ಲ. ನನ್ನ ಮಜ್ಜಿಗೆಯೂ ಆ ಕಡೆಗೆ ಹೋಗಲಿಲ್ಲ. ಹದಗೆಡುತ್ತಿರುವುದು ಬರೀ ಜೀಪಲ್ಲ ಎಂದು ನನಗೆ ಭಯವಾಗತೊಡಗಿತು. ಜೊತೆಗೆ ನಾಚಿಕೆಗೇಡಿನ ಒಂದು ಕುತೂಹಲ: ಅಷ್ಟು ದಪ್ಪ ಕಬ್ಬಿಣ ಮುರಿದದ್ದಾದರೂ ಹೇಗೆ?

ಬನಶಂಕರಿಯಲ್ಲಿ ಗ್ಯಾರೇಜು ಇಟ್ಟಿರುವ ಸೆಲ್ವಂ ಶನಿವಾರ ಎಂಜಿನ್ನು ಬಿಚ್ಚಿದ. ನಾವಿಬ್ಬರೂ ಹೋದೆವು, ಬೇರೆ ಬೇರೆ ಆಟೋದಲ್ಲಿ. ಸೆಲ್ವಂನಿಗೆ ತೀರ್ಪು ಕೊಡುವುದೆಂದರೆ ಖುಷಿ, ಸಾಕ್ಷಿಗಾಗಿ ಕಾಯುವವನಲ್ಲ.

"ಆಯಿಲ್ ಇಲ್ದೆ ಹೋಗಿದೆ ಮೇಡಂ. ಕಣ್ಮುಚ್ಕೊಂಡು ಹೇಳ್ತೀನಿ," ಎಂದ.

ಗಿರಿಜೆ ನನ್ನನ್ನು ನೋಡಿದಳು. ಸೆಲ್ವಂ ಕಣ್ಣು ತೆರೆದು ಉಳಿದ ತೋಳುಗಳನ್ನೂ ಬಿಚ್ಚಿದ. ಅವುಗಳ ಬೇರಿಂಗುಗಳು ಆಯಿಲಿನಲ್ಲಿ ನೆನೆದು ಹೊಳೆಯುತ್ತಿದ್ದವು. "ಇವೂ ಸುಟ್ಟೋಗಿರ್ಬೇಕಿತ್ತಲ್ಲ..." ಎಂದು ಗಲ್ಲ ಕೆರೆದುಕೊಂಡ. "ಹಂಗಾದ್ರೆ ಗೇರ್ ದಡಕ್ಕಂತ ಇಳಿಸಿ ಎಂಜಿನ್ ಓವರ್ ಸ್ಪೀಡ್ ಆಗಿದೆ. ಗ್ಯಾರಂಟಿ!"

ಈಗ ನಾನು ಗಿರಿಜೆಯನ್ನು ನೋಡಿದೆ. ಹಾಗೇನಾದರೂ ಆಗಿದ್ದರೆ ವಾಲ್ವುಗಳು ಪಿಸ್ಟನ್ನಿನ ತಲೆಗೆ ಬಡಿದ ಗುರುತಿರಬೇಕಂತೆ. ಒಂದೊಂದನ್ನೇ ಒರೆಸಿ ನೋಡಿದ. ಒಂದು ಗೀರೂ ಇರಲಿಲ್ಲ. ಸೆಲ್ವಂ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದ.

ಆಗ ಒಂದು ವಿಚಿತ್ರ ನಡೆಯಿತು. ಯಾರ ತಪ್ಪು ಎಂಬುದು ನಮಗೆ ಮರೆತೇ ಹೋಯಿತು. ಗಿರಿಜೆ ಚೂಡಿದಾರದ ತೋಳು ಮಡಿಸಿ, ಚೂರುಗಳನ್ನು ಹಾಕಿದ್ದ ತಟ್ಟೆಗೆ ಕೈ ಹಾಕಿದಳು. ನಾನು ಮೊಬೈಲಿನ ಬೆಳಕು ಹಿಡಿದೆ. ಜಿಡ್ಡಿನೊಳಗಿನಿಂದ ಅವಳೊಂದು ತುಂಡಾದ ಬೋಲ್ಟನ್ನು ಎತ್ತಿ ಒರೆಸಿದಳು.

"ಏ, ಇಲ್ಲಿ ನೋಡ. ಮುರಿದ ಜಾಗಾ ಅರ್ಧ ಕಪ್ಪಗೈತಿ, ಅರ್ಧ ಬೆಳ್ಳಗ ಹೊಳೀತೈತಿ. ಯಾಕ?"

ಸೆಲ್ವಂ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡ. "ಸಖತ್ತಾಗಿ ಹಿಡಿದ್ರಿ ಮೇಡಂ! ಕಪ್ಪಗಿರೋದು ಹಳೇ ಬಿರುಕು. ಆಯಿಲ್ ಇಳಿದೂ ಇಳಿದೂ ಕಪ್ಪಾಗಿದೆ. ಹೊಳೀತಿರೋದು ಮೊನ್ನೆ ಮುರಿದಿದ್ದು. ನೀವು ತಗೊಳ್ಳೋಕೆ ಮುಂಚೆ ಯಾರೋ ಎಂಜಿನ್ ಬಿಚ್ಚಿ, ತೋಳನ್ನ ಹಿಡಿದಿರೋ ಈ ಬೋಲ್ಟನ್ನ ವಿಪರೀತ ಬಿಗಿ ಮಾಡಿದಾರೆ."

ಅಂದರೆ ನಾವು ಕೊಳ್ಳುವಾಗಲೇ ಅದು ಬಿರುಕು ಬಿಟ್ಟಿತ್ತು. ನಾವು ಗಂಟಲು ಹರಿಯುವಂತೆ ಹಾಡುತ್ತ ಗುಡ್ಡ ಹತ್ತಿದಾಗಲೆಲ್ಲ ಆ ಕೂದಲೆಳೆಯಂಥ ಗೆರೆ ಸದ್ದಿಲ್ಲದೆ ಬೆಳೆಯುತ್ತಿತ್ತು. ಬೋಲ್ಟನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದೆವು.

ಸೆಲ್ವಂ ಚಹಾ ತರಿಸಿದ. ಗ್ಯಾರೇಜಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಸಮಾಧಾನವೇನೋ ಆಗಿತ್ತು, ಆದರೆ ಒಳಗೆಲ್ಲೋ ಸಣ್ಣ ನಿರಾಸೆ. ಕೊನೆಗೆ ಹೇಳಿಯೇಬಿಟ್ಟೆ:

"ಇವತ್ತು ನಿನ್ನನ್ನ ಕ್ಷಮಿಸಿಬಿಡೋಣ ಅಂತ ಬಂದಿದ್ದೆ ಕಣೆ."

ಗಿರಿಜೆ ಚಹಾ ಚೆಲ್ಲುವಂತೆ ನಕ್ಕಳು. "ನಾನೂ! ಆಟೋದಾಗ ಕುಂತು ಮಾತು ಸೈತ ಜೋಡಿಸಿಟ್ಟಿದ್ದೆ."

"ಈಗ ಆ ಕ್ಷಮೆನ ಏನು ಮಾಡೋದು?"

ಅವಳು ಬೆರಳಿನ ಜಿಡ್ಡನ್ನು ನನ್ನ ಸೆರಗಿಗೇ ಒರೆಸುತ್ತ ಹೇಳಿದಳು: "ಇಟ್ಟಿರು. ಬ್ಯಾರೆ ಎಂಜಿನ್ ಹಾಕಸೂದು ಐತಲ್ಲ, ಬೇಕಾಗತೈತಿ."