ಅಕ್ಕನ ಸಮುದ್ರಕ್ಕೆ ಹನ್ನೊಂದು ಪಾವಟಿಗೆ

ನನ್ನ ಅಕ್ಕ ಸಮುದ್ರ ನೋಡಿದವಳು. ಭಾಲ್ಕಿಯ ನಮ್ಮ ಓಣಿಯಲ್ಲಿ ಹಾಗೆ ಹೇಳಿಕೊಳ್ಳಬಲ್ಲ ಹೆಣ್ಣು ಇನ್ನೊಂದಿರಲಿಲ್ಲ. ಅವಳಿಗಿಂತ ನಾನು ಬೆಳ್ಳಗಿದ್ದೆ, ಅವಳಿಗಿಂತ ಚುರುಕಾಗಿ ಲೆಕ್ಕ ಮಾಡುತ್ತಿದ್ದೆ, ಹಾಡಿದರೆ ಜನ ನಿಂತು ಕೇಳುತ್ತಿದ್ದರು. ಏನು ಪ್ರಯೋಜನ? ಮನೆಗೆ ಯಾರೇ ಬರಲಿ, ನೀರು ಕುಡಿದು ತಂಬಿಗೆ ಕೆಳಗಿಟ್ಟು ಅಕ್ಕನ ಕಡೆಗೇ ತಿರುಗುತ್ತಿದ್ದರು. "ಸಮುದ್ರ ಹ್ಯಾಂಗಿರ್ತದವ್ವ, ಒಂದೀಟು ಹೇಳು." ಅವಳು ಸೆರಗು ಸರಿಮಾಡಿಕೊಂಡು ಶುರು ಮಾಡುವಳು. ನಾನು ಒಳಗೆ ಹೋಗಿ ಬೀಸುಕಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುವೆ.

ಅವಳಿಗೆ ಆ ಭಾಗ್ಯ ಬಂದದ್ದು ನಿಜಾಮರ ಕಡೆಯ ರಜಾಕಾರರ ಗಲಾಟೆಯ ವರ್ಷ. ನನಗಾಗ ಒಂಬತ್ತು, ಅವಳಿಗೆ ಹದಿನಾಲ್ಕು. ವಯಸ್ಸಿಗೆ ಬಂದ ಹುಡುಗಿಯನ್ನು ಊರಲ್ಲಿಟ್ಟುಕೊಳ್ಳುವುದು ಬೇಡವೆಂದು ಅಪ್ಪ ಅವಳನ್ನು ಸೊಲ್ಲಾಪುರದ ದಾರಿಯಿಂದ ಚಿಕ್ಕವ್ವನ ಮನೆಗೆ ಕಳಿಸಿದರು. ಅವ್ವನ ತಂಗಿಯಾದ ಈ ಚಿಕ್ಕವ್ವನ ಗಂಡ ಧಾರವಾಡದ ಕಡೆಯವರು. ಕುಮಟಾದ ಹತ್ತಿರ ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದರು. ಯುಗಾದಿ ಮುಗಿಸಿ ಹೋದ ಅಕ್ಕ, ಹಿಂದುಸ್ತಾನದ ದಂಡು ಬಂದು ಪೊಲೀಸ್ ಆ್ಯಕ್ಷನ್ ಆಗಿ ಎಲ್ಲ ತಣ್ಣಗಾದ ಮೇಲೆ ದೀಪಾವಳಿಗೆ ತಿರುಗಿ ಬಂದಳು.

ನಾನು ಸಣ್ಣವಳು, ನನಗೇನಾಗುತ್ತದೆ ಎಂದು ಭಾಲ್ಕಿಯಲ್ಲೇ ಉಳಿಸಿಕೊಂಡರು. ಒಂದು ದಿನ ಕುದುರೆ ಏರಿದ ರಜಾಕಾರರು ಬಂದರೆಂದು ಸುದ್ದಿಯಾಗಿ ಅವ್ವ ನನ್ನನ್ನು ಹಗೇವಿಗೆ, ಜೋಳ ತುಂಬುವ ನೆಲದ ಗುಂಡಿಗೆ, ಇಳಿಸಿ ಅದರ ಬಾಯಿಗೆ ಗೋಣಿತಟ್ಟು ಮುಚ್ಚಿದಳು. ಅರ್ಧ ದಿನ ಹುಳುಕು ಜೋಳದ ಧೂಳು ನುಂಗುತ್ತ ಕೂತಿದ್ದೆ. ನನ್ನ ಹಗೇವಿನ ಕತೆಯನ್ನು ಒಬ್ಬರಾದರೂ ಕೇಳಬೇಕೇ? ಊರಿನ ಅರ್ಧ ಮಕ್ಕಳು ಹಗೇವು ಕಂಡವರೇ. ಸಮುದ್ರ ಕಂಡವಳು ಮಾತ್ರ ಒಬ್ಬಳು.

"ನಮ್ಮ ಮಾಂಜ್ರಾ ಹೊಳಿಯಂಗಲ್ಲ ಅದು," ಎಂದು ಅಕ್ಕ ಹೇಳುವಳು. "ಆಚಿ ದಂಡೀನೇ ಕಾಣಂಗಿಲ್ಲ. ಹನ್ನೊಂದು ಪಾವಟಿಗಿ ಇಳೀಬೇಕು, ಆಮ್ಯಾಗ ನೀರು. ಮುಂಜಾನಿ ಹಸರಿರ್ತದ, ಸಂಜಿಕ ಬದನಿಕಾಯಿ ಬಣ್ಣ. ಗಾಳಿ ಬೀಸಿತಂದ್ರ ಒಣ ಹಾಕಿದ ಸೀರಿ ಸೆರಗೆಲ್ಲ ಉಪ್ಪುಪ್ಪು." ನಮ್ಮ ಕಡೆ ನೀರೆಂದರೆ ಬಾವಿ, ಬಾವಿಯೆಂದರೆ ಪಾವಟಿಗೆ, ಇಳಿಯುವ ಮೆಟ್ಟಿಲು. ಸಮುದ್ರಕ್ಕೆ ಪಾವಟಿಗೆ ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನಸ್ಸಿನಲ್ಲೇ ಆ ಹನ್ನೊಂದನ್ನು ದಿನಾ ಹತ್ತಿ ಇಳಿಯುತ್ತಿದ್ದೆ.

ಪಕ್ಕದ ಮನೆಯ ಖಾಲಾ ಕೂಡ ಬಂದು ಕೂರುತ್ತಿದ್ದಳು. ಪೊಲೀಸ್ ಆ್ಯಕ್ಷನ್ ಆದ ವಾರ, ಜನ ಮುಸಲ್ಮಾನರ ಮನೆಗಳ ಮೇಲೆ ಬಿದ್ದಾಗ, ಅವಳೂ ಅವಳ ಸೊಸೆಯೂ ನಮ್ಮ ಅಟ್ಟದ ಮೇಲೆ ಅಡಗಿದ್ದರು. ಅವಳ ಗಂಡ ಆ ವಾರ ಹೊರಗೆ ಹೋದವನು ಬರಲಿಲ್ಲ. ಹಜ್‌ಗೆ ಇಬ್ಬರೂ ಕೂಡಿ ಹೋಗಬೇಕೆಂದಿದ್ದರಂತೆ. "ಜಹಾಜ್ ದೇಖೀ ಕ್ಯಾ ಬೇಟಿ?" ಎಂದು, ಹಡಗು ನೋಡಿದೆಯಾ ಎಂದು, ಕೇಳಿದಳು. ಅಕ್ಕ ಒಂದು ಗಳಿಗೆ ತಡೆದು, "ದೇಖೀ, ಖಾಲಾ," ಎಂದಳು. ಖಾಲಾ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನ್ನ ಕೈಯನ್ನು ಯಾರೂ ಹಾಗೆ ಹಿಡಿದವರಿಲ್ಲ. ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು.

ಹೀಗೆ ಮೂರು ವರ್ಷ ಉರಿದ ಮೇಲೆ ಒಂದು ಸಂಕ್ರಾಂತಿಯ ದಿನ ಅಪ್ಪ ಎಳ್ಳು ಬೆಲ್ಲ ತಿನ್ನುತ್ತ, "ಈ ಬ್ಯಾಸಗಿ ಸಮುದ್ರಕ್ಕ ಹೋಗಿ ಬರೋಣು" ಎಂದರು. ಚಿಕ್ಕವ್ವ ಎಷ್ಟೋ ಸಲ ಕರೆದಿದ್ದಳು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಬೀದರಿಗೆ ಹೋಗಿ ಹದಿನೈದು ದಿನದ ರುಖಸತ್ತಿಗೆ, ಅಂದರೆ ರಜೆಗೆ, ಸಹಿ ಹಾಕಿಸಿಕೊಂಡು ಬಂದರು. ಕಚೇರಿಯ ಹಳೆಯ ಕಾಗದದ ಬೆನ್ನ ಮೇಲೆ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ಭಾಲ್ಕಿ, ಬೀದರ, ವಿಕಾರಾಬಾದ, ವಾಡಿ, ಹುಬ್ಬಳ್ಳಿ ಎಂದು ಒಂದೊಂದೇ ನಿಲ್ದಾಣ ಬರೆದರು. ಎಲ್ಲಕ್ಕಿಂತ ಎಡಕ್ಕೆ, ಕಾಗದ ಮುಗಿಯುವ ಅಂಚಿನಲ್ಲಿ, ಸಮುಂದರ್ ಎಂದು ಬರೆದು ಕೆಳಗೆ ಗೆರೆ ಎಳೆದರು. ಅವ್ವನಿಗೆ ಒಂದೇ ಚಿಂತೆ. "ಮೀನಿನ ವಾಸನಿ ಬರ್ತದಂತ. ಲಿಂಗಪೂಜಿ ಹ್ಯಾಂಗ ಮಾಡ್ಲಿ, ಉಣ್ಣಾದು ಹ್ಯಾಂಗ?" ಅದಕ್ಕೆ ಉತ್ತರ ಕೊಟ್ಟವಳೂ ಅಕ್ಕನೇ. "ಕಿಡಕಿ ಮುಚ್ಚಿದ್ರ ಬರಂಗಿಲ್ಲವ್ವ." ಎಷ್ಟು ಜೋಳದ ಹಿಟ್ಟು ಕಟ್ಟಬೇಕು, ಯಾವ ಸೀರೆ ಒಯ್ಯಬೇಕು, ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದರು. ಅವಳು ಹೇಳಿದ್ದೇ ಕಾನೂನು. ನಾನು ಹಲ್ಲು ಕಡಿಯುತ್ತ ಕೂತಿರುತ್ತಿದ್ದೆ.

ಅಷ್ಟರಲ್ಲಿ ಔರಾದದಿಂದ ಸುದ್ದಿ ಬಂತು. ಅಪ್ಪನ ತಾಯಿ, ನಮ್ಮ ಆಯಿ, ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಬೇಸಗೆ ಮುಗಿಯುವವರೆಗೆ ನಮ್ಮಿಬ್ಬರಲ್ಲಿ ಒಬ್ಬರು ಅಲ್ಲಿರಬೇಕು. ಒಬ್ಬಳಿಗೆ ಸಮುದ್ರ, ಇನ್ನೊಬ್ಬಳಿಗೆ ಔರಾದ. ಅಕ್ಕನ ಲಗ್ನವೂ ಗೊತ್ತಾಗಿತ್ತು. ಠಾಣಾ ಕುಶನೂರಿನ ಒಕ್ಕಲು ಮನೆತನ, ಮಳೆಗಾಲ ಮುಗಿದೊಡನೆ ತಲೆಯ ಮೇಲೆ ಲಗ್ನದ ಅಕ್ಕಿಕಾಳು. ಆ ಮೇಲೆ ತೊಗರಿ ಹೊಲ ಬಿಟ್ಟು ಅವಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ: "ಅಕಿ ನೋಡ್ಯಾಳ. ನಾ ನೋಡಿಲ್ಲ. ಇದು ನನ್ನ ಪಾಳಿ."

ನ್ಯಾಯದ ಮಾತು. ಅಪ್ಪ ತಲೆಯಾಡಿಸಿದರು. ಅಕ್ಕ ಮಾತ್ರ, "ಅವ್ವಗ ಆ ಊರು ಗೊತ್ತಿಲ್ಲ, ನಾ ಸಂಗಾಟ ಇದ್ರ ಚಲೋ," ಎಂದು ನೆಲ ನೋಡುತ್ತ ಅಂದಳು. ಒಮ್ಮೆ ಉಂಡವಳಿಗೆ ಮತ್ತೆ ಎಲೆ ಹಾಕಬೇಕೇ? ನನಗೆ ಅವಳ ಆಸೆ ನೋಡಿ ಹೇಸಿಗೆಯಾಯಿತು.

ಯುಗಾದಿಯ ಸುಮಾರಿಗೆ ಚಿಕ್ಕವ್ವನ ಪತ್ರ ಬಂತು. ನಮ್ಮ ಮನೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಅಪ್ಪನ ಉರ್ದು ಅಕ್ಷರ ಇಡೀ ಕಚೇರಿಗೆ ಹೆಸರಾಗಿತ್ತು, ಆದರೆ ಮನೆಯಲ್ಲಿ ಆಡುವ ಕನ್ನಡವನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ನಿಜಾಮರ ಸಾಲೆಯಲ್ಲಿ ಅವರು ಕಲಿತದ್ದು ಉರ್ದು. ಅವ್ವನಿಗೆ ಯಾವುದೂ ಬಾರದು. ಚಿಕ್ಕವ್ವನಿದ್ದ ಕಡೆ ಎಲ್ಲ ಕನ್ನಡ. ಅಲ್ಲಿದ್ದಾಗ ಅವಳ ಮಕ್ಕಳ ಪಾಟಿ ನೋಡಿ ಕನ್ನಡ ಕಲಿತು ಬಂದವಳು ಅಕ್ಕ ಒಬ್ಬಳೇ. ಹಾಗಾಗಿ ಚಿಕ್ಕವ್ವ ನಮಗೆ ಏನು ಬರೆದರೂ ಅದು ಅಕ್ಕನ ಬಾಯಿಂದಲೇ ಬರಬೇಕು. ಅದೂ ನನಗೊಂದು ಉರಿ.

ಅಕ್ಕ ಪಡಸಾಲೆಯಲ್ಲಿ ನಿಂತು ಓದಿದಳು. ಎಲ್ಲರ ಕ್ಷೇಮ, ಹಲಸಿನ ಹಪ್ಪಳ, ಚಿಕ್ಕಪ್ಪನ ಕೆಮ್ಮು. "ದೊಡ್ಡಾಕಿನ್ನ ತಪ್ಪದ ಕರಕೊಂಡು ಬಾ," ಎಂದು ಓದಿ ಸುಮ್ಮನಾದಳು. ಕಣ್ಣು ಕಾಗದದ ಮೇಲೆ ಸಾಲು ಸಾಲಾಗಿ ಓಡುತ್ತಿತ್ತು, ಬಾಯಿ ಮಾತ್ರ ಮುಚ್ಚಿತ್ತು. ಕಡೆಗೆ, "ಇಷ್ಟೇ ಬರದಾಳ," ಎಂದು ಮಡಿಸಿದಳು.

ನಾನು ಎದ್ದು ನಿಂತೆ. "ಸುಳ್ಳು! ಚಿಕ್ಕವ್ವ ಹಂಗ ಬರದೇ ಇಲ್ಲ. ಹೋಗಾ ಆಸಿಗಿ ಇಕಿನೇ ಸೇರಿಸ್ಯಾಳ. ಮತ್ತೊಮ್ಮೆ ಓದಸ್ರಿ ಅಪ್ಪಾ. ಪೂರಾ ಓದಸ್ರಿ."

ಅಪ್ಪ ಅಕ್ಕನ ಮುಖ ನೋಡಿದರು. "ಓದವ್ವ, ಏನದ ಅದರಾಗ?"

ಅಕ್ಕನ ಮುಖ ಬಿಳುಚಿತು. ಪತ್ರವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, "ನಾ ಹೋಗಂಗಿಲ್ಲರಿ. ಅಕಿನ್ನೇ ಕರಕೊಂಡು ಹೋಗ್ರಿ. ನಾ ಔರಾದಕ್ಕ ಹೋಗ್ತೇನಿ," ಎಂದು ಒಳಗೆ ನಡೆದುಬಿಟ್ಟಳು. ಕಳ್ಳಿ ಸಿಕ್ಕಿಬಿದ್ದಳು ಎಂದು ನಾನು ಕುಣಿದಾಡಿದೆ.

ಮರುದಿನದಿಂದ ಅವಳು ನನ್ನ ಪ್ರಯಾಣಕ್ಕೆ ಕಡಕ್ ರೊಟ್ಟಿ ಬಡಿಯತೊಡಗಿದಳು. ಒಲೆಯ ಮುಂದೆ ಬೆವರುತ್ತ ರೊಟ್ಟಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿದಳು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು, ನನ್ನ ಹರಿದ ಲಂಗಕ್ಕೆ ಅಂಚು ಹೊಲಿದಳು. ಒಂದು ಬಿರುಸಿನ ಮಾತಿಲ್ಲ. ಅವಳ ಈ ಒಳ್ಳೆಯತನ ನನಗೆ ಸಹಿಸಲಾಗಲಿಲ್ಲ. ಗೆದ್ದವಳು ನಾನು, ಹೊಗಳಿಕೆ ಮಾತ್ರ ಅವಳಿಗೆ! ಅವಳ ಸುಳ್ಳನ್ನು ಎಲ್ಲರೆದುರು ಹಿಡಿದು ತೋರಿಸಲೇಬೇಕು ಎನಿಸಿತು.

ಆ ಹೊತ್ತಿಗೆ ನಮ್ಮ ಸಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಒತ್ತಕ್ಷರ ಕಂಡರೆ ತಡವರಿಸುತ್ತಿದ್ದೆ, ಎಲ್ಲರೆದುರು ಓದುವ ಧೈರ್ಯವಿರಲಿಲ್ಲ, ಆದರೂ ಒಬ್ಬಳೇ ಕೂತು ಕೂಡಿಸಿ ಓದುವಷ್ಟಾಗಿದ್ದೆ. ಒಂದು ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯಲು ಹೋದಾಗ ಅವಳ ಟ್ರಂಕು ತೆಗೆದು, ಪತ್ರ ಹುಡುಕಿ, ಅಟ್ಟ ಹತ್ತಿ ಕೂತೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ.

"ದೊಡ್ಡಾಕಿನ್ನ ತಪ್ಪದ ಕರಕೊಂಡು ಬಾ," ಎಂದೇ ಇತ್ತು. ಅಕ್ಕ ನಿಜವನ್ನೇ ಓದಿದ್ದಳು. ಅವಳು ಬಾಯಿಬಿಡದ ಸಾಲುಗಳು ಅದರ ಕೆಳಗಿದ್ದವು. "ಏಳು ತಿಂಗಳು ನನ್ನ ಮನಿಯೊಳಗ ಇದ್ದಳು. ಒಂದು ದಿನವೂ ಸಮುದ್ರ ತೋರಿಸಲಿಕ್ಕೆ ಆಗಲಿಲ್ಲ. ವಯಸ್ಸಿನ ಹುಡುಗಿ ಅಂತ ನಮ್ಮ ಅತ್ತಿಯವರು ಹೊಸ್ತಿಲ ದಾಟಗೊಡಲಿಲ್ಲ. ಬೀಸೂದು, ಅರೆಯೂದು, ಹಿತ್ತಲ ಬಾವಿಯಿಂದ ನೀರು ತರೂದು, ಇಷ್ಟರಾಗ ಕಳದಳು. ತೆರಿ ಸಪ್ಪಳ ಕೇಳಿ ಅದು ಹ್ಯಾಂಗದ ಅಂತ ದಿನಾ ನನ್ನ ಕೇಳತಿದ್ದಳು. ಅತ್ತಿಯವರ ಎದುರು ನನ್ನ ಬಾಯಿ ಏಳಲಿಲ್ಲ. ಲಗ್ನಕ್ಕ ಮೊದಲ ಒಮ್ಮೆ ಅಕಿಗೆ ತೋರಿಸಿದರ ನನ್ನ ಮನಸಿಗೆ ಸಮಾಧಾನ."

ಎರಡು ಸಲ ಓದಿದೆ. ಮೊದಲು ಅನಿಸಿದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಮೂರು ವರ್ಷ ನಾನು ಉರಿದದ್ದು ಅವಳು ನೋಡದೇ ಇದ್ದ ಸಮುದ್ರಕ್ಕಾಗಿ! ಆ ಮೇಲೆ ಅರ್ಥವಾಯಿತು. ಪೂರ್ತಿ ಓದಿದರೆ ಹೋಗುವ ಪಾಳಿ ಅವಳದಾಗುತ್ತಿತ್ತು, ಆದರೆ ಓಣಿಯೆದುರು ಅವಳು ಸುಳ್ಳಿಯಾಗುತ್ತಿದ್ದಳು. ಅವಳು ಪಾಳಿ ಬಿಟ್ಟಳು, ಮಾತು ಉಳಿಸಿಕೊಂಡಳು.

ನಾನು ಕೆಳಗಿಳಿದು ಅಪ್ಪನಿಗೆ ಹೇಳಬಹುದಿತ್ತು. ಬೇಡ, ಅವಳೇ ಹೋಗಲಿ ಎಂದು ಸುಮ್ಮನೆ ಹಟ ಹಿಡಿದಿದ್ದರೂ ಸಾಕಿತ್ತು, ಗುಟ್ಟೂ ಉಳಿಯುತ್ತಿತ್ತು. ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಟ್ರಂಕಿನಲ್ಲಿಟ್ಟೆ. ನನಗೆ ಸಮುದ್ರ ಬೇಕಾಗಿತ್ತು. ಮೂರನೆಯ ದಿನ ಅಕ್ಕ ಬಗಲಲ್ಲಿ ಬಟ್ಟೆಗಂಟು ಇಟ್ಟುಕೊಂಡು ಔರಾದದ ಮೋಟಾರು ಹತ್ತಿದಳು. "ಪಾವಟಿಗಿ ಜಾರ್ತಾವ, ಸಾವಕಾಶ ಇಳಿ," ಎಂದು ನನಗೆ ಬುದ್ಧಿ ಹೇಳಿಯೇ ಹೋದಳು.

ಸಮುದ್ರದ ಊರು ಮುಟ್ಟಿದಾಗ ಚಿಕ್ಕವ್ವ ಬಾಗಿಲಲ್ಲೇ ನನ್ನನ್ನು ಒತ್ತಟ್ಟಿಗೆ ಕರೆದು, "ಅಕ್ಕ ಎಲ್ಲಿ? ಪತ್ರ ಓದಲಿಲ್ಲೇನು?" ಎಂದಳು. "ಓದಿದ್ಲು. ಆಯಿ ಸಲುವಾಗಿ ತಾನೇ ಉಳದ್ಲು," ಎಂದೆ, ಕಣ್ಣು ಮಿಟುಕಿಸದೆ. ಒಳಗೆ ಅವಳ ಅತ್ತೆ ಕೆಮ್ಮಿದಳು. ಚಿಕ್ಕವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು, ಮತ್ತೆ ಆ ಮಾತೆತ್ತಲಿಲ್ಲ.

ಸಂಜೆ ಸಮುದ್ರಕ್ಕೆ ಹೋದೆವು. ಹಿತ್ತಲು ದಾಟಿ, ತೆಂಗಿನ ಸಾಲು ದಾಟಿದರೆ ಸಿಕ್ಕೇಬಿಟ್ಟಿತು. ಅಷ್ಟು ಹತ್ತಿರ! ಅಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತರು, ಅವ್ವ ಮೂಗಿಗೆ ಸೆರಗು ಹಿಡಿದೇ ನಕ್ಕಳು. ನಾನು ಪಾವಟಿಗೆ ಹುಡುಕಿದೆ. ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಬರೀ ಸಪಾಟು ಮರಳು, ನೀರು ತಾನಾಗಿ ಕಾಲಿಗೆ ಬಂದು ಹೋಗುತ್ತಿತ್ತು. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಕ್ಕ ಹೇಳುತ್ತಿದ್ದ ಸಮುದ್ರದಷ್ಟು ಚೆನ್ನಾಗಿರಲಿಲ್ಲ.

ಪಾವಟಿಗೆ ಸಿಕ್ಕದ್ದು ಮರುದಿನ ಮುಂಜಾನೆ, ಚಿಕ್ಕವ್ವನ ಹಿತ್ತಲ ಬಾವಿಯಲ್ಲಿ. ಕೆಂಪು ಕಲ್ಲಿನ ಪಾವಟಿಗೆ. ಕೊಡ ಹಿಡಿದು ಎಣಿಸುತ್ತ ಇಳಿದೆ: ಹದಿನೇಳು. ಕೆಳಗಿನ ಆರಕ್ಕೆ ಒಣಗಿದ ಪಾಚಿ ಅಂಟಿತ್ತು. ಮಳೆಗಾಲದಲ್ಲಿ ಅವು ನೀರಿನಲ್ಲಿ ಮುಳುಗಿರುತ್ತವೆ, ಹನ್ನೊಂದೇ ಕಾಣುತ್ತವೆ. ಹಸಿರೂ ಅಲ್ಲೇ ಇತ್ತು, ಬದನೆಕಾಯಿ ಬಣ್ಣವೂ ಅಲ್ಲೇ ನೆರಳಿನಲ್ಲಿ ಇತ್ತು. ಕೊಡ ತುಂಬಿಕೊಂಡು ಮೇಲೆ ಬಂದೆ.

ರಜೆ ಮುಗಿಸಿ ಬಂದು, ಬೇಸಗೆ ಕಳೆಯುತ್ತಲೇ ಅಪ್ಪನೂ ನಾನೂ ಅಕ್ಕನನ್ನು ಕರೆತರಲು ಔರಾದಕ್ಕೆ ಹೋದೆವು. ಅಪ್ಪ ಆಯಿಯ ಮಂಚದ ಹತ್ತಿರ ಕೂತರು. ಅಕ್ಕ ಅಂಗಳದಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಸೊರಗಿದ್ದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಬೇಳೆಯಿಂದ ಕಣ್ಣೆತ್ತದೆ, ಮೆಲ್ಲಗೆ ಕೇಳಿದಳು.

"ಪಾವಟಿಗಿ ಇದ್ವೇನು?"

ದಾರಿಯುದ್ದಕ್ಕೂ ನಾನು ಈ ಪ್ರಶ್ನೆಗೆ ತಯಾರಾಗಿ ಬಂದಿದ್ದೆ. ಅವಳ ಸಮುದ್ರವನ್ನು ಅವಳಿಗೇ ತಿರುಗಿ ಕೊಟ್ಟು ದೊಡ್ಡವಳಾಗಬೇಕೆಂದಿದ್ದೆ. ಜೀವನದಲ್ಲಿ ಒಮ್ಮೆಯಾದರೂ ಅವಳಿಗಿಂತ ಒಳ್ಳೆಯವಳಾಗಬೇಕೆಂದಿದ್ದೆ.

"ಇದ್ವು, ಅಕ್ಕಾ. ನೀ ಹೇಳಿದಷ್ಟೇ. ಎಣಿಸೀನಿ, ಹನ್ನೊಂದು."

ಅವಳ ಕೈ ಮೊರದಲ್ಲಿ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಟ್ರಂಕು, ಅಟ್ಟ, ಪತ್ರ, ಎಲ್ಲವೂ ನನ್ನ ಮುಖದ ಮೇಲೆ ಬರೆದಿಟ್ಟ ಹಾಗೆ ಓದಿಕೊಂಡಳು. ಆಮೇಲೆ ಒಂದು ಹರಳು ಹೆಕ್ಕಿ ಹೊರಗೆಸೆದಳು.

"ಬ್ಯಾಸಗ್ಯಾಗ ಹದಿನೇಳು ಕಾಣ್ತಾವ," ಎಂದಳು. "ನೀ ಸರಿ ನೋಡಿಲ್ಲ."

ಕಣ್ಣು ತುಂಬ ಸಮುದ್ರ ನೋಡಿ ಬಂದ ನನಗೆ, ಎಂದೂ ನೋಡದ ಅವಳ ಮೇಲೆ, ಮತ್ತೆ ಹೊಟ್ಟೆಕಿಚ್ಚಾಯಿತು.