ಸತ್ತವರ ಹೆಸರಿಗೆ ಓ ಅಂದ ಬ್ಯಾಸಗಿ

ಆಗ ನಮ್ಮ ಬೀಡಿ ಊರಾಗ ವಯಸ್ಸಾದವರಿಗೆ ಮರವು ಬಂದರ ಅದನ್ನ ಬ್ಯಾನಿ ಅಂತ ಯಾರೂ ಅನ್ನುತ್ತಿರಲಿಲ್ಲ. ಅರಳು ಮರಳು ಅಂತ ನಕ್ಕು, ದಾರಿ ತಪ್ಪಿದವರನ್ನ ಕೈ ಹಿಡಿದು ಮನಿಗೆ ತಂದು ಬಿಡುತ್ತಿದ್ದರು. ನಿಮ್ಮ ಮನ್ಯಾಗೂ ಅಂಥವರೊಬ್ಬರು ಇದ್ದಿರಬೇಕು. ನಿನ್ನೆ ನನ್ನ ಮೊಮ್ಮಗಳು ವಿದ್ಯಾ ಒಂದು ಮಾತು ಹೇಳಿದಾಗಿನಿಂದ ನನಗ ಖುಷಿ ಹೊಟ್ಟ್ಯಾಗ ಹಿಡಿಸವಲ್ದು. ಆಕಿ ಬೆಳಗಾವ್ಯಾಗ ಮರವಿನ ಬ್ಯಾನಿ ಇದ್ದವರ ಮನಿಗೆ ಹೋಗಿ ಅವರನ್ನ ನೋಡಿಕೊಳ್ಳುತ್ತಾಳ, ಅವರ ಮನಿಯವರಿಗೂ ಧೈರ್ಯ ಹೇಳುತ್ತಾಳ. ಆಕಿ ಹೇಳಿದ ಮಾತು ತಿಳಿಯಬೇಕಂದರ ನನ್ನ ಒಂಬತ್ತನೇ ವರ್ಷದ ಬ್ಯಾಸಗಿಯಿಂದ ಶುರು ಮಾಡಬೇಕು.

ಸಾಲಿ ಸೂಟಿ ಇತ್ತು. ಕವಳಿಹಣ್ಣು ತಿಂದು ನಾಲಿಗಿ ಕರ್ರಗ ಮಾಡಿಕೊಂಡು, ಬೇವಿನ ನೆರಳಾಗ ಗಜಗ ಆಡುತ್ತಿದ್ದೆ. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲ್ಯಾಗ ಕುಂತು "ಗೌರಾ, ಏ ಗೌರಾ" ಅಂತ ನನ್ನ ಕಡೆ ನೋಡಿ ಕರೆಯುವಳು. ಗೌರಾ ಅಂದರ ಆಯಿಯ ತಂಗಿ. ಸಣ್ಣಾಕಿ ಇದ್ದಾಗಲೇ ತೀರಿಕೊಂಡಿದ್ದಳು.

"ನಾ ಶಾಂತಾ, ಆಯಿ. ನಿನ್ನ ಮೊಮ್ಮಗಳು."

"ಹಂಗಾರ ಗೌರಾ ಎಲ್ಲಿ?"

"ಸತ್ತು ಎಷ್ಟೋ ವರ್ಷ ಆತಲ್ಲವ್ವ" ಅಂತ ಅಪ್ಪ ಹೇಳುವನು. ಆಯಿ ಈಗಷ್ಟೇ ಸುದ್ದಿ ಬಂದಂಗ ಎದಿ ಬಡಕೊಂಡು ಅಳುವಳು. ನಮ್ಮ ಮನ್ಯಾಗ ಗೌರಾ ದಿನಾ ಒಮ್ಮೆ ಸಾಯುತ್ತಿದ್ದಳು.

ನೋಡಲಾರದ ನಾನು ಒಂದು ದಿನ ಕೇಳಿದೆ: "ಅಪ್ಪಾ, ನಾ ಓ ಅಂದು ಬಿಡ್ಲೇನು?"

ಅಪ್ಪನ ಮಾರಿ ಬಿಳಚಿತು. "ಸತ್ತವರ ಹೆಸರಿಗೆ ಓ ಅನಬಾರದು. ಅವರು ಬಂದು ನಿನ್ನ ಕರಕೊಂಡು ಹೊಕ್ಕಾರ. ತಿಳೀತಿಲ್ಲೋ?"

ತಿಳೀತು. ರಾತ್ರಿ ಅವ್ವನ ಸೆರಗು ಹಿಡಕೊಂಡೇ ಮಲಗಿದೆ.

ಅದಾಗಿ ಸ್ವಲ್ಪ ದಿನಕ್ಕ, ಒಂದು ಮುಂಜಾನೆ ಆಯಿಯ ಕೊರಳಾಗ ಲಿಂಗ ಇರಲಿಲ್ಲ. ಲಿಂಗ ಇಡೂ ಬೆಳ್ಳಿ ಕರಡಿಗಿ, ಅದನ್ನ ಕೊರಳಿಗೆ ಕಟ್ಟೂ ಶಿವದಾರ, ಯಾವುದೂ ಇಲ್ಲ. ಆಯಿಗೆ ಊರು ಮರೆತಿತ್ತು, ಮಗನ ಹೆಸರು ಮರೆತಿತ್ತು. ಆದರ ಲಿಂಗಪೂಜಿ ಆಗದ ನೀರು ಮುಟ್ಟಬಾರದು ಅನ್ನುವುದು ಮಾತ್ರ ಮರೆತಿರಲಿಲ್ಲ. ಮನ್ಯಾಗಿನ ಹನ್ನೊಂದು ಮಂದಿ ಕೂಡಿ ಹಾಸಿಗಿ ಝಾಡಿಸಿದೆವು, ಜ್ವಾಳದ ಚೀಲ ಸುರುವಿದೆವು, ಹಿತ್ತಲದ ಬೂದಿಗುಂಡಿ ಕೆದರಿದೆವು. ಸಿಗಲಿಲ್ಲ. ಆ ದಿನ ಆಯಿ ಒಂದು ಹನಿ ನೀರು ಕುಡಿಯಲಿಲ್ಲ.

ಮರುದಿನ ಬಿಸಿಲು ಏರಿದಂಗ ಆಯಿಯ ತುಟಿ ಒಡೆದವು. ಅವ್ವ ಕಾಲ ಬುಡಕ ಕುಂತು ಬೇಡಿಕೊಂಡಳು.

"ಅತ್ತೀ, ಒಂದು ಗುಟುಕು ಮಜ್ಜಿಗಿ ಕುಡೀರಿ."

"ಲಿಂಗ ಇಲ್ಲದ ಹೆಣಕ್ಕ ಮಜ್ಜಿಗಿ ಯಾಕವ್ವ?"

ಮಠದ ಅಯ್ಯನವರು ಬಂದು ಹೊಸ ಲಿಂಗ ಕೊಡಾಕ ಹೋದರು. ಆಯಿ ಮುಷ್ಟಿ ಬಿಗಿ ಹಿಡಿದು "ಇದು ನಂದಲ್ಲ" ಅಂದಳು. ಅಷ್ಟು ಅಂದದ್ದಕ್ಕೇ ದಣಿದು ಗ್ವಾಡಿಗೆ ಆನಿಸಿಕೊಂಡಳು. ಅಪ್ಪ ಖಾನಾಪೂರದಿಂದ ಡಾಕ್ಟರನ್ನ ಕರೆತರಲಿಕ್ಕೆ ಸೈಕಲ್ ಹೊರಗ ತೆಗೆದ. ಅಷ್ಟು ದೂರ ಹೋಗಿ ಬರೂ ತನಕ ಆಯಿ ಇರತಾಳೋ ಇಲ್ಲೋ ಅಂತ ಕಾಕಾ ಮೆಲ್ಲಕ ಅಂದದ್ದು ನನ್ನ ಕಿವಿಗೆ ಬಿತ್ತು.

ಆಗ ಆಯಿ ಕಣ್ಣು ತೆರೆದು, ದನಿ ಇಲ್ಲದ ದನಿಯಿಂದ ಕರೆದಳು: "ಗೌರಾ..."

ಗೌರಾ ಬಂದು ನನ್ನ ಕರಕೊಂಡು ಹೋದರ? ಹೋಗಲಿ ಅಂತ ಕಣ್ಣು ಮುಚ್ಚಿದೆ.

"ಓ, ಅಕ್ಕಾ!"

"ಶಾಂತಾ!" ಅಂತ ಅಪ್ಪ ಬಾಗಲದಿಂದಲೇ ಒದರಿ ಓಡಿ ಬಂದ. ಎತ್ತಿದ ಕೈಯನ್ನ ಅವ್ವ ನಡುವ ಹಿಡಿದಳು.

ಆಯಿ ನನ್ನ ಗದ್ದ ಮುಟ್ಟಿದಳು. "ಎಲ್ಲಿ ಹೋಗಿದ್ದಿಯೇ ಇಷ್ಟು ದಿನಾ?"

"ಇಲ್ಲೇ ಆಡಾಕ ಹೋಗಿದ್ನಿ ಅಕ್ಕಾ. ನಿನ್ನ ಲಿಂಗ ಎಲ್ಲಿಟ್ಟಿ?"

ಆಯಿ ಸುತ್ತ ನಿಂತವರನ್ನ ಸಂಶಯದಿಂದ ನೋಡಿದಳು. "ಸಾವಕಾಶ ಮಾತಾಡು. ಕಳ್ಳರು ಬಂದಾರ. ನಮ್ಮ ಜಾಗಾದಾಗ ಮುಚ್ಚಿಟ್ಟೀನಿ."

ನಮ್ಮ ಜಾಗಾ! ಅದು ಗೌರಾಗ ಗೊತ್ತು, ನನಗೇನು ಗೊತ್ತು? "ಅಕ್ಕಾ... ನಾ ಮರತೀನಿ. ನೀನೇ ತೋರ್ಸು."

ಎರಡು ದಿನದಾಗ ಮೊದಲ ಸಲ ಆಯಿ ನಕ್ಕಳು. "ಥೂ ಮರೆಗುಳಿ! ತಲ್ಯಾಗ ಬರೇ ಹೊಟ್ಟು ತುಂಬಿಕೊಂಡೀಯೇನ? ನಡಿ."

ಅವ್ವ ಒಂದು ಬಾಜು, ನಾನು ಒಂದು ಬಾಜು ಹಿಡಿದೆವು. ಹೆಜ್ಜಿಗೊಮ್ಮೆ ನಿಲ್ಲುತ್ತಾ ಆಯಿ, ತವರಿನ ಕೊಟ್ಟಿಗಿ ಅಂತಲೇ ತಿಳಿದು, ನಮ್ಮ ಕೊಟ್ಟಿಗಿಗೆ ನಡೆದಳು. ಹಾಯೂ ಎಮ್ಮಿಯ ಮುಂದ ನಿಂತು ಮೇವು ಹಾಕೂ ಗ್ವಾದಲಿಯ ಮೂಲಿ ತೋರಿಸಿ "ಕೈ ಹಾಕು" ಅಂದಳು. ಎಮ್ಮಿ ಬುಸುಗುಟ್ಟಿತು. ಜೊಲ್ಲು ಮೆತ್ತಿದ ಹುಲ್ಲಿನ ಬುಡಕ, ಕಲ್ಲಿನ ಸಂದ್ಯಾಗ ಬೆರಳಿಗೆ ಅರಿವಿ ಹತ್ತಿತು. ಜಗ್ಗಿದೆ. ಎಮ್ಮಿ ಅದರ ಅರ್ಧ ಚುಂಗು ಅಗಿದು ತಿಂದಿತ್ತು. ಗಂಟಿನೊಳಗ ಕರಡಿಗಿ, ಕರಡಿಗಿಯೊಳಗ ಲಿಂಗ.

ಜಳಕ ಆತು, ಪೂಜಿ ಆತು. ಅಂಗೈಯಾಗಿನ ಲಿಂಗ ನೋಡುವಾಗ ಆಯಿಯ ಕೈ ನಡುಗಲಿಲ್ಲ. ತಂಬಿಗಿ ಎತ್ತಿ ಗಟಗಟ ಕುಡಿದ ಆ ಸಪ್ಪಳ ಈಗಲೂ ನನ್ನ ಕಿವ್ಯಾಗ ಐತಿ. ನಾನು ಮಾತ್ರ ಅಪ್ಪನ ಏಟಿಗೆ ಕಾಯುತ್ತಾ ಕಂಬದ ಹಿಂದ ನಿಂತಿದ್ದೆ.

ಆಯಿ ಬಾಯಿ ಒರೆಸಿಕೊಂಡು ಅಪ್ಪನ ಕಡೆ ನೋಡಿದಳು. "ಅಣ್ಣಾ, ಗೌರಾಗ ಬೈಬ್ಯಾಡ. ಸಣ್ಣಾಕಿ."

ಆಯಿಯ ಅಣ್ಣನೂ ಎಂದೋ ತೀರಿಕೊಂಡವನೇ. ಅಪ್ಪ ಆಯಿಯ ಮುಂದ ಮೊಣಕಾಲೂರಿ ಕುಂತ.

"ಓ ತಂಗಿ" ಅಂದ ಅಪ್ಪ. "ಬೈಯೂದಿಲ್ಲ."

ಆಮ್ಯಾಲೆ ಆಯಿ ಎರಡು ಬ್ಯಾಸಗಿ ಬದುಕಿದಳು. ಗೌರಾ ಮತ್ತೊಮ್ಮೆ ಸಾಯಲಿಲ್ಲ.

ಈಗ ವಿದ್ಯಾ ಹೇಳಿದ್ದು ಕೇಳ್ರಿ. ಆಟೋ ನಗರದ ಕಡೆ ಒಂದು ಮನ್ಯಾಗ, ಒಂದು ಕಾಲಕ್ಕ ಲಾರಿ ರಿಪೇರಿ ಮಾಡುತ್ತಿದ್ದ ಹಿರಿಯರು ದಿನಾ ಹೆಂಡತಿ ಎಲ್ಲಿ ಅಂತ ಕೇಳುತ್ತಾರಂತ. ಮಗಳು ದಿನಾ "ಅವ್ವ ಸತ್ತಾಳಪ್ಪಾ" ಅಂತ ಹೇಳಿ, ಇಬ್ಬರೂ ಕೂಡಿ ಅಳುತ್ತಿದ್ದರಂತ. ವಿದ್ಯಾ ಆ ಮಗಳಿಗೆ ನನ್ನ ಈ ಕತಿ ಹೇಳಿದ್ದಾಳ. ನಿನ್ನೆ ಅಪ್ಪ ಕೇಳಿದಾಗ ಮಗಳು "ಅವ್ವ ಮಾಡೂ ಸಾರು ಹೆಂಗಿರ್ತದ ಹೇಳಪ್ಪಾ" ಅಂದಳಂತ. ಅವರು ಸಾರಿನ ಮಾತು ಆಡುತ್ತಾ ಆಡುತ್ತಾ ಎರಡು ರೊಟ್ಟಿ ಉಂಡರಂತ! ಬರೇ ನಾಲ್ಕನೇತ್ತೆ ತನಕ ಸಾಲಿ ಕಲಿತ ನನ್ನ ಮಾತು ಒಬ್ಬರ ಹೊಟ್ಟಿ ತುಂಬಿಸ್ತು ಅಂದರ ನಾ ಕುಣೀಲೋ ಬ್ಯಾಡೋ?

ಕುಣಿಯಬೇಕು ಅನ್ನುವಷ್ಟರಾಗ ವಿದ್ಯಾ ಇನ್ನೊಂದು ಹೇಳಿದಳು. ಆ ಮಗಳು ಮನ್ಯಾಗ ಒಬ್ಬಾಕಿನ. ಅಪ್ಪ ಹೊರಗ ಹೋದಾರು ಅಂತ ಬಾಗಲಕ್ಕ ಕೀಲಿ. ತಾನು ಜಳಕ ಮಾಡಬೇಕಂದರೂ ವಿದ್ಯಾ ಬರೂ ತನಕ ಕಾಯಬೇಕು. ನಮ್ಮಲ್ಲಿ ಆಯಿ ಕೂಗಿದರ ಯಾವುದಾದರೂ ಮೂಲಿಯಿಂದ ಒಬ್ಬರಾದರೂ ಏನಂತ ಕೇಳುತ್ತಿದ್ದರು, ಬಾಗಲಾ ಹಾಕಿದ್ದು ನಾ ಕಂಡಿಲ್ಲ. ಅಂಥಾ ಮನಿ ಈಗ ಎಲ್ಲಿಂದ ತರೂಣು?

ಬರೂ ಸೋಮವಾರ ನಾನೂ ಬರ್ತೀನಿ ಅಂತ ವಿದ್ಯಾಗ ಹೇಳೀನಿ. ನಾ ಅವರ ಮಗ್ಗಲಿಗೆ ಕುಂದ್ರತೀನಿ, ಆ ಮಗಳು ಸಾವಕಾಶ ತಲಿಮ್ಯಾಲೆ ಜಳಕ ಮಾಡಲಿ. ಆ ಹಿರಿಯರು ನನ್ನನ್ನ ಯಾರಂತ ಕರದರೂ ನಡೀತದ.